ಹೆರಾಲ್ಡ್ ಕ್ಲಚ್: ಪಂಪ್ ಬೇಡ, ನಿಪ್ಪಲ್ ಎಲ್ಲಿದೆ ನೋಡಿ

ಕ್ಲಚ್ ಪೈಪಿನ ಗಾಳಿ ಎಳೆದು ತೆಗೆಯೋಕೆ ವ್ಯಾಕ್ಯೂಮ್ ಪಂಪ್ ಕೊಳ್ಳಲಾ ಅಂತ ಕೇಳಿದ್ದೀರಿ, ತಗೋಬೇಡಿ. ನಿಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು, ಸ್ಲೇವ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸೋ ಸಿಲಿಂಡರ್) ಬದಲಾಯಿಸಿದ ಮೇಲೆ ಎಷ್ಟು ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಇದೆ ಅಂದಿರಲ್ಲ, ನಂದೂ ಥೇಟ್ ಇದೇ ಕಥೆ.

ನನ್ನದು ಮದ್ರಾಸಿನಲ್ಲಿ ತಯಾರಾದ ನಾಲ್ಕು ಬಾಗಿಲಿನ ಹೆರಾಲ್ಡ್. ಶಿವಾಜಿನಗರದ ಗುಜರಿಯೆಲ್ಲ ಅಲೆದು ಸ್ಲೇವ್ ಸಿಲಿಂಡರ್ ಹುಡುಕಿ ತಂದು, ಹೊಸ ರಬ್ಬರ್ ಕಿಟ್ ಹಾಕಿ ನಾನೇ ಕೂರಿಸಿದೆ. ನಮ್ಮಕ್ಕನ ಮಗ ಪೆಡಲ್ ತುಳಿಯೋದು, ನಾನು ಗಾಡಿ ಕೆಳಗೆ ಮಲಗಿ ನಿಪ್ಪಲ್ (ಗಾಳಿ ಹೊರಬಿಡೋ ಸ್ಕ್ರೂ) ಬಿಚ್ಚಿ ಬಿಗಿಯೋದು. ಬಾಟಲಿಗೆ ಒಂದು ಗುಳ್ಳೆಯೂ ಇಲ್ಲದೆ ತಿಳಿಯಾಗಿ ಬ್ರೇಕ್ ಆಯಿಲ್ ಬಂತು. ಆದರೆ ಫಸ್ಟ್ ಗೇರ್ ಹಾಕಿದರೆ ಕರ್ರ್! ಹೆರಾಲ್ಡ್‌ನ ಫಸ್ಟ್‌ಗೆ ಸಿಂಕ್ರೋಮೆಶ್ (ಗೇರ್‌ಗಳ ವೇಗ ಹೊಂದಿಸೋ ಭಾಗ) ಇಲ್ಲ, ಕ್ಲಚ್ ಪೂರ್ತಿ ಬಿಡದಿದ್ದರೆ ಬೀದಿಗೆಲ್ಲ ಕೇಳಿಸುತ್ತೆ.

ಗುಳ್ಳೆ ಬರ್ತಿಲ್ಲ ಅಂದಮೇಲೆ ಕ್ಲಚ್ ಪ್ಲೇಟೇ ಹೋಗಿದೆ ಅಂತ ತೀರ್ಮಾನಿಸಿದೆ. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಇಳಿಸೋದಲ್ಲ, ಎತ್ತೋದು: ಸೀಟು ಕಿತ್ತು, ಕವರ್ ತೆಗೆದು, ಕಾರಿನ ಒಳಗಿಂದ ಆಚೆ ತರಬೇಕು. ಹೊಸ ಪ್ಲೇಟ್, ಹೊಸ ಬೇರಿಂಗ್, ಕೂಲಿ, ಜೊತೆಗೆ ಸೊಂಟನೋವು. ಎಲ್ಲ ಜೋಡಿಸಿ ಹಾಕಿದರೆ ಮತ್ತೆ ಅದೇ ಕರ್ರ್.

ಆಗಿದ್ದಿಷ್ಟೇ. ಸ್ಲೇವ್ ಸಿಲಿಂಡರ್‌ಗೆ ಎರಡು ತೂತು, ಒಂದಕ್ಕೆ ಪೈಪು, ಇನ್ನೊಂದಕ್ಕೆ ನಿಪ್ಪಲ್. ಪೈಪು ಕೆಳಗೆ, ನಿಪ್ಪಲ್ ಮೇಲೆ ಇರಬೇಕು. ನಾನು ಉಲ್ಟಾ ಕೂರಿಸಿದ್ದೆ. ಹಾಗೆ ಕೂರಿಸಿದರೂ ಅದು ಸಲೀಸಾಗಿ ಕೂರುತ್ತೆ, ಅದೇ ಮೋಸ. ಗಾಳಿ ಯಾವತ್ತೂ ಮೇಲಕ್ಕೇ ಹೋಗೋದು. ನಿಪ್ಪಲ್ ಕೆಳಗಿದ್ದರೆ ಗಾಳಿ ಸಿಲಿಂಡರ್‌ನ ಮೇಲ್ಭಾಗದಲ್ಲಿ ಆರಾಮಾಗಿ ಕೂತಿರುತ್ತೆ, ನೀವು ಸುರಿದ ಆಯಿಲ್ ಅದರ ಕೆಳಗಿಂದ ಹಾದು ಆಚೆ ಬರುತ್ತೆ. ಅದರಲ್ಲಿ ಗುಳ್ಳೆ ಎಲ್ಲಿಂದ ಬರಬೇಕು? ಎಷ್ಟು ಲೀಟರ್ ಸುರಿದರೂ ಅಷ್ಟೆ. ಆಮೇಲೆ ಪೆಡಲ್ ತುಳಿದಾಗ ಅರ್ಧ ತುಳಿತ ಆ ಗಾಳಿಯನ್ನು ಅಮುಕೋದಕ್ಕೇ ಖರ್ಚು, ಕ್ಲಚ್ ಬಿಡಿಸೋ ಫೋರ್ಕ್ ತಳ್ಳೋ ರಾಡ್ ಪೂರ್ತಿ ಚಲಿಸೋದೇ ಇಲ್ಲ. ಗುಳ್ಳೆ ಕಾಣದಿದ್ದರೆ ಗಾಳಿ ಇಲ್ಲ ಅಂತ ನಾನು ನಂಬಿದ್ದೇ ಗೇರ್‌ಬಾಕ್ಸ್ ಬಿಚ್ಚಿಸಿತು.

ಪಂಪ್ ಹಾಕಿ ಎಳೆದರೂ ಇದು ಸರಿಹೋಗಲ್ಲ. ಮೇಲಾಗಿ ನಿಪ್ಪಲ್‌ನ ಥ್ರೆಡ್ ಸಂದಿಯಿಂದ ಹೊರಗಿನ ಗಾಳಿಯನ್ನೂ ಎಳೆದುಕೊಂಡು ಗುಳ್ಳೆ ನಿಲ್ಲೋದೇ ಇಲ್ಲ, ತಲೆ ಕೆಟ್ಟುಹೋಗುತ್ತೆ. ಸಿಲಿಂಡರ್ ಬಿಚ್ಚಿ ಸರಿಯಾಗಿ ತಿರುಗಿಸಿ ಕೂರಿಸಿ. ಮಾಸ್ಟರ್ ಸಿಲಿಂಡರ್ (ಪೆಡಲ್‌ಗೆ ಸೇರಿದ ಸಿಲಿಂಡರ್) ಆಯಿಲ್ ಡಬ್ಬಿ ತುಂಬಿಸಿ, ನಿಪ್ಪಲ್ ಸಡಿಲಿಸಿ, ತಾನಾಗಿ ತೊಟ್ಟಿಕ್ಕೋಕೆ ಬಿಡಿ, ಡಬ್ಬಿ ಮಾತ್ರ ಖಾಲಿಯಾಗಬಾರದು. ಕೊನೆಗೆ ಪೆಡಲ್ ತುಳಿಸಿ. ಒತ್ತಿ ಹಿಡಿದಿರುವಾಗಲೇ ನಿಪ್ಪಲ್ ಮುಚ್ಚಬೇಕು, ಆಮೇಲೆ ಕಾಲು ಎತ್ತಬೇಕು. ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಸಾಕು. ಯಾರೋ ಹೇಳಿದರು ಅಂತ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಎಲ್ಲ ಹೋಗುತ್ತೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಒರೆಸುತ್ತಾ ಕೂತರೆ ಬಣ್ಣ ಕಿತ್ತುಬರುತ್ತೆ.

ನಿಪ್ಪಲ್ ಮೇಲೇ ಇದ್ದೂ ಹೀಗಾಗ್ತಿದ್ದರೆ ಪೆಡಲ್ ಒತ್ತಿ ಹಿಡಿದು ನೋಡಿ. ಹೊರಗೆಲ್ಲೂ ಸೋರದೆ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಹೋಗಿದೆ. ಪೆಡಲ್ ಗಟ್ಟಿ ಇದ್ದೂ ಮೊದಲ ಒಂದಿಂಚು ಸುಮ್ಮನೆ ಆಡ್ತಿದ್ದರೆ ಪೆಡಲ್‌ಗೂ ಮಾಸ್ಟರ್ ರಾಡ್‌ಗೂ ಸೇರಿಸೋ ಪಿನ್ ಬಿಚ್ಚಿ, ಅದು ಕೂರೋ ತೂತು ಸವೆದು ಮೊಟ್ಟೆಯಾಕಾರ ಆಗಿದೆಯಾ ನೋಡಿ. ಹಾಗಿದ್ದರೆ ವೆಲ್ಡಿಂಗ್ ಅಂಗಡಿಗೆ ಒಯ್ದು ತುಂಬಿಸಿ, ಹೊಸದಾಗಿ ಡ್ರಿಲ್ ಹೊಡೆಸಿ. ಪಂಪ್‌ಗೆ ಇಟ್ಟ ದುಡ್ಡಲ್ಲಿ ಇದೂ ಆಗುತ್ತೆ, ಹೊಸ ಹೋಸ್ ಪೈಪೂ ಬರುತ್ತೆ.