"ಈ ವಯಸ್ಸಲ್ಲಿ ಯಾಕಮ್ಮ" ಅಂತಾನೆ ಮಗ

ಪ್ರಶ್ನೆ: ನನಗೆ 67. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದೆ. ನಮ್ಮ ಬೀದಿಯ ಸರ್ಕಾರಿ ಶಾಲೆಯವರು ಮಕ್ಕಳಿಗೆ ಲೆಕ್ಕ ಹೇಳಿಕೊಡಿ ಅಂತ ಕರೆದಿದ್ದಾರೆ, ಸಂಬಳ ಇಲ್ಲ. ಬಿಪಿ ಇದೆ, ಮಂಡಿ ನೋವೂ ಇದೆ. ಮಗ "ಈ ವಯಸ್ಸಲ್ಲಿ ಯಾಕಮ್ಮ, ಸುಮ್ನೆ ಮನೇಲಿರು" ಅಂತಾನೆ. ಹೋಗಲಾ, ಬೇಡವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೋಗಿ. ಮಗನದು ಕಾಳಜಿಯೇ, ಅನುಮಾನವಿಲ್ಲ. ಆದರೆ "ಈ ವಯಸ್ಸಲ್ಲಿ" ಅನ್ನೋ ಮಾತು ಮಂಡಿ ನೋವಿಗಿಂತ ಜಾಸ್ತಿ ಕಾಲು ಕಟ್ಟಿಹಾಕುತ್ತದೆ.

ಅರವತ್ತಕ್ಕೆ ಅರಳು ಮರಳು ಅಂತ ಕೇಳುತ್ತಲೇ ಬೆಳೆದವರು ನಾವು. ವಯಸ್ಸಾದ ಮೇಲೆ ಅದನ್ನೇ ನಮ್ಮ ಬಗ್ಗೆ ನಂಬಿಬಿಡುತ್ತೇವೆ. ಈ ನಂಬಿಕೆ ಸಣ್ಣ ವಿಷಯವಲ್ಲ. ಅಮೆರಿಕದ ಓಹಾಯೋ ರಾಜ್ಯದ ಒಂದು ಊರಿನಲ್ಲಿ 50 ದಾಟಿದ 660 ಮಂದಿಯನ್ನು "ವಯಸ್ಸಾಗುವುದು ನಿಮಗೆ ಹೇಗನ್ನಿಸುತ್ತದೆ" ಎಂದು ಕೇಳಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಅವರ ಆಯಸ್ಸಿನ ಲೆಕ್ಕ ತೆಗೆದರು. ಮುಪ್ಪನ್ನು ಒಳ್ಳೆಯ ಮನಸ್ಸಿನಿಂದ ಕಂಡವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಜಾಸ್ತಿ ಬದುಕಿದ್ದರು.

ಎಷ್ಟು ಹೊತ್ತು ಹೋಗಬೇಕು? ವಾರಕ್ಕೆ ಎರಡು ಗಂಟೆ ಸಾಕು. 2020ರಲ್ಲಿ ಅಮೆರಿಕದಲ್ಲೇ 50 ದಾಟಿದ ಸುಮಾರು 13,000 ಜನರ ಅಧ್ಯಯನ ಬಂತು. ವರ್ಷಕ್ಕೆ ಕನಿಷ್ಠ 100 ಗಂಟೆ ಇಂಥ ಸಂಬಳವಿಲ್ಲದ ಸೇವೆ ಮಾಡಿದವರಲ್ಲಿ, ಮಾಡದವರಿಗಿಂತ ಸಾವಿನ ಅಪಾಯ ಕಡಿಮೆ ಇತ್ತು. ಮೈ ಓಡಾಟ ಜಾಸ್ತಿ, ನಾನೂ ಬೇಕಾದವಳು ಅನ್ನೋ ಭಾವನೆಯೂ ಜಾಸ್ತಿ. ಗಟ್ಟಿಮುಟ್ಟಾಗಿರುವವರೇ ತಾನೆ ಸೇವೆಗೆ ಹೋಗೋದು ಅಂತ ನಿಮಗನ್ನಿಸಬಹುದು. ಮೊದಲಿನ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳಿದ್ದಾರೆ. ಆದರೆ ಬಿಪಿ, ಶುಗರ್‌ನಂಥ ಕಾಯಿಲೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ನನ್ನ ಹತ್ತಿರ ಬರುವ ಒಬ್ಬ ಅಜ್ಜಿ ಮೊದಲೆಲ್ಲ ಕೂತ ಕೂಡಲೇ ಸೊಂಟದ ಮಾತು ತೆಗೆಯುತ್ತಿದ್ದರು. ಅಂಗನವಾಡಿಯಲ್ಲಿ ಕಥೆ ಹೇಳೋಕೆ ಹೋಗಲು ಶುರು ಮಾಡಿ ಒಂದು ವರ್ಷವಾಯಿತು. ಹೋದ ವಾರ ಬಂದವರು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಮಗುವೊಂದು ಬರೆದ ಆನೆ, ಅದಕ್ಕೆ ಐದು ಕಾಲು. ಸೊಂಟ ನೋವು ಈಗಲೂ ಇದೆ. ಅವತ್ತು ಅದನ್ನು ನಾನೇ ಕೇಳಬೇಕಾಯಿತು.

ನಿಮ್ಮ ಮಂಡಿಗೆ ಇಷ್ಟು ಮಾಡಿ. ತರಗತಿ ಕೆಳಗಿನ ಮಹಡಿಯಲ್ಲೇ ಬೇಕು ಅನ್ನಿ. ಕೈ ಇರುವ ಕುರ್ಚಿ ಕೇಳಿ, ಬೋರ್ಡ್ ಮೇಲೆ ಮಕ್ಕಳೇ ಬರೆಯಲಿ. ಎರಡು ಗಂಟೆಯನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ನೋವು ಜಾಸ್ತಿಯಾದ ವಾರ ಬರಲ್ಲ ಅಂತ ಸಂಕೋಚವಿಲ್ಲದೆ ಹೇಳಿ.

ಮೊದಲ ದಿನ ಮಗನಿಗೇ ಸ್ಕೂಟರಲ್ಲಿ ಬಿಡೋಕೆ ಹೇಳಿ. ಹತ್ತು ನಿಮಿಷ ಕಿಟಕಿ ಹತ್ತಿರ ನಿಂತು ನೋಡಿ ಹೋಗಲಿ.