ಓದುಗರು ಕೇಳಿದ್ದು: ಮಳೆಗಾಲದಲ್ಲಿ ಇಟಲಿಯ ಬಾಂಬರ್

ಪ್ರಶ್ನೆ: ನಾನು ಬದಿಯಡ್ಕದವ. ಎರಡನೇ ಮಹಾಯುದ್ಧದ ಇಟಲಿಯ ಬಾಂಬರ್ ಸವೋಯಾ-ಮಾರ್ಕೆಟ್ಟಿ ಎಸ್‌.ಎಂ.79ರ 1:72 ಮಾದರಿ ಕಿಟ್ (ಅಸಲಿಯ 72ರಲ್ಲೊಂದು ಪಾಲು ಅಳತೆಯದ್ದು) ಕೂರಿಸ್ತಾ ಇದ್ದೇನೆ. ಸೂಪರ್ ಗ್ಲೂ ಹಾಕಿದ್ದಕ್ಕೆ ಕಿಟಕಿ ಎಲ್ಲ ಮಂಜು ಹಿಡಿದ ಹಾಗೆ ಬೆಳ್ಳಗಾಯ್ತು, ಇನ್ನು ಪೇಂಟ್ ಹೇಗೆ ಮಾರಾಯ್ರೆ, ಹೊರಗೆ ಜಡಿಮಳೆ!

ಉತ್ತರ: ಸೂಪರ್ ಗ್ಲೂವಿನ ಆವಿ ಕೂತೇ ಹಾಗಾಗೋದು, ಪಾರದರ್ಶಕ ಭಾಗಕ್ಕೆ ಬಿಳಿ ಮರದಂಟು ಸಾಕು, ಒಣಗಿದ್ರೆ ಕಾಣೋದೂ ಇಲ್ಲ. ಪೇಂಟ್ ಅವಸರ ಬೇಡ. ನಮ್ಮಲ್ಲಿ ಅಡಿಕೆಯೇ ಒಣಗದ ಈ ತಿಂಗಳಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದ್ರೆ ತೇವ ಹಿಡಿದು ಬೂದಿ ಬಳಿದ ಹಾಗೆ ಆಗ್ತದೆ, ನಂದೊಂದು ಹೀಗೇ ಹಾಳಾಗಿ ಅಟ್ಟ ಸೇರಿದೆ. ಬಿಸಿಲು ಬಂದ ದಿನ ಹೊಡೀರಿ.

ಮತ್ತೊಂದು, ರೆಕ್ಕೆ ಮೇಲೆ ರಿವೆಟ್ (ಲೋಹದ ತಗಡು ಜೋಡಿಸೋ ಮೊಳೆ) ಗೆರೆ ಕೊರೀಲಿಕ್ಕೆ ಹೋಗ್ಬೇಡಿ. ಅಸಲಿ ವಿಮಾನದ ರೆಕ್ಕೆ ಮರದ್ದು, ಒಡಲು ಉಕ್ಕಿನ ಕೊಳವೆಯ ಚೌಕಟ್ಟು, ಅದರ ಹಿಂಭಾಗಕ್ಕೆ ಬಟ್ಟೆ ಹೊದಿಸಿದ್ದು. ಇಂಜಿನ್ ಮೂರು, ಒಂದು ಮೂಗಲ್ಲೇ. ಬೆನ್ನಿನ ಗೂನು ನೋಡಿಯೇ ‘ಗೊಬ್ಬೋ ಮಲೆದೆತ್ತೊ’, ಅಂದ್ರೆ ಹಾಳು ಗೂನ ಅಂತ ಅಡ್ಡಹೆಸರು ಬಿದ್ದದ್ದು, ಆ ಗೂನಿನ ಜಾಯಿಂಟಿಗೆ ಮಾತ್ರ ಪುಟ್ಟಿ ಚೆನ್ನಾಗಿ ಹಾಕಿ ಉಜ್ಜಿ. ಬಾಲದ ಚಕ್ರದ ವಿಮಾನ ಇದು, ಬಾಲ ನೆಲಕ್ಕೇ ಕೂರೋದ್ರಿಂದ ಮೂಗಿಗೆ ಭಾರ ಕಟ್ಟೋ ತಲೆಬಿಸಿ ಇಲ್ಲ.