ಎಲ್ಲದಕ್ಕೂ ಮೇಘಸ್ಫೋಟ ಅಂದ್ರೆ ಹೇಗೆ?

ನಮಸ್ಕಾರ.

2013ರ ಕೇದಾರನಾಥ ಪ್ರವಾಹದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಭಾಷೆ ಚೆನ್ನಾಗಿದೆ, ತಕರಾರು ಅದಲ್ಲ. ಮೊದಲ ಸಾಲಿನಲ್ಲೇ 'ಮೇಘಸ್ಫೋಟದಿಂದ ಎಲ್ಲ ಕೊಚ್ಚಿಹೋಯಿತು' ಅಂತ ಬರೆದು ಕೈತೊಳೆದುಕೊಂಡಿದ್ದೀರಿ. ಆಮೇಲೆ ಪುಟಗಟ್ಟಲೆ ಶಿವನ ಮುನಿಸು, ರುದ್ರತಾಂಡವ. ಅಷ್ಟು ಮಳೆ ಯಾಕೆ ಬಂತು ಅಂತ ಒಂದು ಸಾಲೂ ಇಲ್ಲ.

ಹವಾಮಾನ ಇಲಾಖೆಯವರು ಮೇಘಸ್ಫೋಟ ಅನ್ನೋದು ಸಣ್ಣ ಜಾಗದಲ್ಲಿ ಒಂದೇ ಗಂಟೆಗೆ 100 ಮಿ.ಮೀ. ಸುರಿದರೆ. ಕೇದಾರದ ಮೇಲಿನ ಚೋರಾಬಾರಿ ಹಿಮನದಿಯ ಹತ್ತಿರ ಜೂನ್ 15ರ ಸಂಜೆಯಿಂದ 16ರ ಸಂಜೆವರೆಗೆ ಬಿದ್ದದ್ದು 300 ಮಿ.ಮೀ.ಗೂ ಜಾಸ್ತಿ. 24ರಿಂದ ಭಾಗಿಸಿ ನೋಡಿ, ಗಂಟೆಗೆ ಸರಾಸರಿ 13ರ ಆಸುಪಾಸು. ಇದು ಹಿಡಿದು ಬಿಡದ ಜಡಿಮಳೆ, ಅಲ್ವಾ? ನಿಮ್ಮ ಕಥೆ ಇರೋದು ಇಲ್ಲೇ.

ಆ ವರ್ಷ ಮುಂಗಾರು ಜೂನ್ 16ಕ್ಕೇ ಇಡೀ ದೇಶ ಆವರಿಸಿತ್ತು, ಹೆಚ್ಚುಕಡಿಮೆ ಒಂದು ತಿಂಗಳು ಮೊದಲೇ. ತೇವ ಹೊತ್ತು ಬಂದ ಮುಂಗಾರು ಗಾಳಿಗೂ ಪಶ್ಚಿಮದಿಂದ ಬಂದ ತಣ್ಣನೆ ಗಾಳಿಗೂ ಉತ್ತರಾಖಂಡದ ಮೇಲೆ ಮುಖಾಮುಖಿಯಾಯಿತು, ಎದುರಿಗೆ ಬೆಟ್ಟ ಇದ್ದದ್ದರಿಂದ ಮೇಲೇರದೆ ಬೇರೆ ದಾರಿ ಇರಲಿಲ್ಲ, ಏರಿದ್ದು ತಣ್ಣಗಾಗಿ ಸುರಿಯಿತು. ಮೇಲೆ ಹಿಮ ಇನ್ನೂ ಕರಗುತ್ತಿತ್ತು. ಮಳೆನೀರು, ಹಿಮದ ನೀರು ಎರಡೂ ಚೋರಾಬಾರಿ ಕೆರೆಗೆ ಸೇರಿದವು. ಆ ಕೆರೆಗೆ ಏರಿ ಅಂತ ಇದ್ದದ್ದು ಹಿಮನದಿ ತಂದು ಸುರಿದಿದ್ದ ಕಲ್ಲು-ಮಣ್ಣಿನ ರಾಶಿ, ನೀರು ಹರಿದುಹೋಗಲು ಸರಿಯಾದ ಕೋಡಿಯೂ ಇರಲಿಲ್ಲ. 17ರ ಬೆಳಗ್ಗೆ ಏರಿ ಒಡೆಯಿತು. ಮಂದಾಕಿನಿ ನದಿಯಲ್ಲಿ ಬರೀ ನೀರು ಬರಲಿಲ್ಲ, ಬಂಡೆ, ಕೆಸರು ಎಲ್ಲ ಬಂತು, ಕೆಳಗಿನ ರಾಮಬಾಡಾ ಊರಂತೂ ಹಿಂದಿನ ಸಂಜೆಯ ಪ್ರವಾಹಕ್ಕೇ ಹೇಳಹೆಸರಿಲ್ಲದಂತಾಗಿತ್ತು.

'ಹವಾಮಾನ ಬದಲಾವಣೆಯೇ ಕೊಂದಿತು' ಅನ್ನೋ ಸಾಲು ಸುಮ್ನೆ ಘೋಷಣೆ ಆಗಿಬಿಟ್ಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ತೇವ ಹಿಡಿಯಬಲ್ಲದು. ಎತ್ತರದಲ್ಲಿ ಹಿಮವಾಗಿ ಬಿದ್ದು ಅಲ್ಲೇ ಕೂರಬೇಕಾದದ್ದು ಮಳೆಯಾದರೆ ತಕ್ಷಣ ಹೊಳೆಗೆ ಇಳಿಯುತ್ತದೆ. ಇದನ್ನು ಬರೆಯಿರಿ, ಜೊತೆಗೆ ಹೊಳೆ ಪಾತ್ರಕ್ಕೇ ಒತ್ತಿಕೊಂಡು ಕಟ್ಟಿದ್ದ ಲಾಡ್ಜುಗಳನ್ನೂ ಮರೆಯಬೇಡಿ.

2021ರಲ್ಲಿ ಉತ್ತರಾಖಂಡದ್ದೇ ಚಮೋಲಿಯಲ್ಲಿ ಆದ ಪ್ರವಾಹವನ್ನು ಇದೇ ಸಾಲಿಗೆ ಸೇರಿಸಿದ್ದೀರಿ. ತೆಗೆಯಿರಿ. ಅದು ಫೆಬ್ರವರಿ 7, ಮಳೆಯಿಂದ ಆದದ್ದಲ್ಲ. ಬೆಟ್ಟದ ಮೈಯಿಂದ ಬಂಡೆ, ಮಂಜುಗಡ್ಡೆ ಕಳಚಿ ಬಿದ್ದು ಆದ ಅನಾಹುತ.

ದೇವಸ್ಥಾನದ ಹಿಂದೆ ಬಂದು ನಿಂತ ದೊಡ್ಡ ಬಂಡೆ ಇರಲಿ, ಆದರೆ ಒಂದು ಪ್ಯಾರಾ ಸಾಕು, ಈಗ ನಾಲ್ಕಿದೆ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.